ಕೈ ಎತ್ತಿದ ಮೇಲೂ ಉಳಿಯುವ ಎದೆ

ಯಾವ ಊರಿನ ಜಿಮ್ಮಿಗೆ ಹೋದರೂ ಸೋಮವಾರ ಸಂಜೆ ಬೆಂಚು ಖಾಲಿ ಸಿಗುವುದಿಲ್ಲ. ವಾರದ ಮೊದಲ ದಿನ ಎದೆಗೇ ಮೀಸಲು. ಕಾಲಿನ ಸರದಿ ಬರುವಷ್ಟರಲ್ಲಿ ಹುಡುಗರಿಗೆ ಮದುವೆ, ಜ್ವರ, ಪರೀಕ್ಷೆ ಏನಾದರೊಂದು ಅಡ್ಡ ಬಂದಿರುತ್ತದೆ. ಇಷ್ಟೆಲ್ಲ ಉಪಚಾರ ಮಾಡಿಸಿಕೊಳ್ಳುವ ಸ್ನಾಯುವನ್ನು ನೋಡುವ ಕ್ರಮ ಮಾತ್ರ ಬಲು ಒರಟು. ದಪ್ಪ ಇದೆಯೋ ಇಲ್ಲವೋ, ಅಷ್ಟೇ. ಇಂಚಿನ ಲೆಕ್ಕ ಹೇಳುವವರೂ ಇದ್ದಾರೆ. ಟೇಪು ಸುತ್ತುವಾಗ ಬೆನ್ನೂ ಪಕ್ಕೆಲುಬಿನ ಗೂಡೂ ಅದರೊಳಗೆ ಬರುತ್ತವೆಂಬುದು ಅವರಿಗೆ ಹೊಳೆಯುವುದಿಲ್ಲ. ಬೆನ್ನು ಅಗಲವಾಗಿದ್ದರೆ ಎದೆ ಬರಡಾಗಿದ್ದವನಿಗೂ 48 ಇಂಚು ಬಂದೀತು.

ಎದೆಯ ದೊಡ್ಡ ಸ್ನಾಯು, ಪೆಕ್ಟೊರಾಲಿಸ್ ಮೇಜರ್, ಬೀಸಣಿಗೆಯ ಹಾಗೆ ಹರಡಿಕೊಂಡಿದೆ. ಮೇಲಿನ ಭಾಗ ಹೊರಡುವುದು ಕಾಲರ್ ಬೋನಿನಿಂದ. ಅದಕ್ಕಿಂತ ದೊಡ್ಡದಾದ ಕೆಳಭಾಗ ಎದೆಚಕ್ಕೆಯಿಂದ, ಪಕ್ಕೆಲುಬುಗಳ ಮೃದ್ವಸ್ಥಿಯಿಂದ ಹೊರಡುತ್ತದೆ. ಎರಡೂ ಕಿರಿದಾಗುತ್ತ ಬಂದು ತೋಳಿನ ಮೂಳೆಗೆ ಅಂಟಿಕೊಳ್ಳುತ್ತವೆ. ಸ್ವಾರಸ್ಯ ಇರುವುದು ಆ ಅಂಟುವ ರೀತಿಯಲ್ಲಿ. ಸ್ನಾಯುರಜ್ಜು ನೇರವಾಗಿ ಹೋಗದೆ ತಿರುಚಿಕೊಳ್ಳುತ್ತದೆ: ಕೆಳಗಿನ ಎಳೆಗಳು ಹಿಂದಿನಿಂದ ಸುತ್ತಿ ಮೇಲೆ ಕೂರುತ್ತವೆ, ಮೇಲಿನವು ಮುಂದಿನಿಂದ ಇಳಿದು ಕೆಳಗೆ ಕೂರುತ್ತವೆ. ಕೈ ಇಳಿಬಿಟ್ಟಾಗ ಕಂಕುಳಿನ ಮುಂದೆ ಕಾಣುವ ದಪ್ಪ ಮಡಿಕೆ ಇದೇ. ಕೈ ಮೇಲೆತ್ತಿದೊಡನೆ ತಿರುಚು ಬಿಚ್ಚಿಕೊಂಡು ಎದೆ ಚಪ್ಪಟೆಯಾಗುತ್ತದೆ. ಹಾಗಾಗಿ ಎದೆಯ ಯೋಗ್ಯತೆ ತಿಳಿಯಬೇಕಾದರೆ ಕೈ ಎತ್ತಿಸಿ ನೋಡಬೇಕು ಅನ್ನುವುದು ನನ್ನ ಹಳೆಯ ಹಟ.

ಹೊಸಬನ ಎದೆಯಲ್ಲಿ ಮೊದಲ ಕೆಲವು ವಾರ ಕಣ್ಣಿಗೆ ಏನೂ ಬೀಳುವುದಿಲ್ಲ. ಎತ್ತುವ ಭಾರ ಏರುತ್ತದೆ ನಿಜ. ಅದರಲ್ಲಿ ಬಹುಪಾಲು ನರಗಳು ಕೆಲಸ ಕಲಿತದ್ದರ ಫಲ. ವ್ಯಾಯಾಮ ಮುಗಿಸಿ ಕನ್ನಡಿಯ ಮುಂದೆ ನಿಂತಾಗ ಕಾಣುವ ಉಬ್ಬು ಬರೀ ಪಂಪ್, ಅಂದರೆ ತಾತ್ಕಾಲಿಕವಾಗಿ ರಕ್ತ ತುಂಬಿದ್ದು, ಮನೆ ತಲುಪುವಷ್ಟರಲ್ಲಿ ಇಳಿದಿರುತ್ತದೆ. ತಿಂಗಳುಗಳು ಉರುಳಿದ ಮೇಲೆ ಮೊದಲು ಮೂಡುವುದು ಎದೆಯ ಕೆಳ ಅಂಚಿನ ಗೆರೆ. ಕೆಳಭಾಗ ಮೊದಲೇ ದೊಡ್ಡದು, ಸಪಾಟು ಬೆಂಚಿನ ಪ್ರೆಸ್ಸೂ ಡಿಪ್ಸೂ ಅದಕ್ಕೇ ಹೆಚ್ಚು ಮೇವು ಹಾಕುತ್ತವೆ. ಎರಡು ಮೂರು ವರ್ಷ ಇದೇ ದಾರಿಯಲ್ಲಿ ಹೋದವನ ಎದೆಯನ್ನು ದೂರದಿಂದಲೇ ಗುರುತಿಸಬಹುದು: ಕೆಳಗೆ ತುಂಬಿಕೊಂಡಿದೆ, ಕಾಲರ್ ಬೋನಿನ ಕೆಳಗೆ ಗುಳಿ ಹಾಗೇ ಇದೆ, ಮೊಲೆತೊಟ್ಟು ನೆಲ ನೋಡುತ್ತಿದೆ. ಟಿ ಶರ್ಟ್ ತೊಟ್ಟರೆ ಗಜಗಾಂಭೀರ್ಯ. ಶರ್ಟು ತೆಗೆದು ಎರಡೂ ಕೈ ಎತ್ತಿದನೋ, ಅರ್ಧ ಎದೆ ಮಾಯ.

ಪಳಗಿದವನ ಎದೆ ಮೇಲಿನಿಂದ ತುಂಬುತ್ತದೆ. ತಲೆಯ ಕಡೆ ಎತ್ತರಿಸಿದ ಇನ್‌ಕ್ಲೈನ್ ಬೆಂಚಿನ ಮೇಲೆ ತಾಳ್ಮೆಯಿಂದ ದುಡಿದ ವರ್ಷಗಳು ಅಲ್ಲಿ ಕಾಣುತ್ತವೆ. ಸ್ನಾಯು ಕಾಲರ್ ಬೋನಿನ ಅಂಚಿನಿಂದಲೇ ಎದ್ದು ಬರುತ್ತದೆ, ಗುಳಿ ಮುಚ್ಚಿಹೋಗುತ್ತದೆ. ಭುಜಕ್ಕೂ ಎದೆಗೂ ನಡುವೆ ಒಂದು ಸಣ್ಣ ಕಣಿವೆ ಇದೆ. ಕೊಬ್ಬು ಇಳಿದವನಲ್ಲಿ ಸೆಫಾಲಿಕ್ ರಕ್ತನಾಳ ಆ ಕಣಿವೆಯ ಹಾದಿ ಹಿಡಿದು ಸಾಗುವುದು ಬರಿಗಣ್ಣಿಗೇ ಕಾಣುತ್ತದೆ. ನಾನು ಮೊದಲು ಹುಡುಕುವುದು ಅದನ್ನೇ. ಭುಜವೂ ಎದೆಯೂ ಕಲಸಿಹೋಗಿ ಒಂದೇ ಮುದ್ದೆಯಾಗಿದ್ದರೆ ಉಳಿದದ್ದನ್ನು ನೋಡುವ ಉತ್ಸಾಹ ಬರುವುದಿಲ್ಲ.

“ಸರ್, ಇನ್ನರ್ ಚೆಸ್ಟ್ ಬರ್ತಾನೇ ಇಲ್ಲ, ಏನ್ಮಾಡ್ಲಿ?” ಎಂದು ಕೇಳದ ಹುಡುಗನಿಲ್ಲ, “ಕೇಬಲ್ ಹಾಕು ಮಗಾ” ಎಂದು ಹೇಳದ ಟ್ರೈನರೂ ಇಲ್ಲ. ಎರಡು ಎದೆಗಳ ನಡುವಿನ ಬಿಡುವು ಎಷ್ಟಿರಬೇಕು ಎಂಬುದನ್ನು ಸ್ನಾಯು ಎದೆಚಕ್ಕೆಗೆ ಅಂಟಿಕೊಂಡ ಜಾಗ ತೀರ್ಮಾನಿಸಿದೆ, ಅದು ಹುಟ್ಟಿನಿಂದ ಬಂದದ್ದು. ಸ್ನಾಯು ದಪ್ಪವಾದರೆ ಸಂದು ಆಳವಾಗಿ ಕಂಡೀತು, ಅಂಟಿನ ಜಾಗ ಸರಿಯುವುದಿಲ್ಲ.

ಎದೆಯ ರೂಪ ಹುಟ್ಟಿನಿಂದಲೇ ಬರುತ್ತದೆ ಎನ್ನುವುದಕ್ಕೆ ದೇಹದಾರ್ಢ್ಯಪಟುಗಳಾದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಮತ್ತು ಫ್ರಾಂಕೊ ಕೊಲಂಬು ಜೋಡಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿದ್ದ ಗೋಲ್ಡ್ಸ್ ಜಿಮ್‌ನಲ್ಲಿ ಇಬ್ಬರು ಗೆಳೆಯರೂ ಒಟ್ಟಿಗೆ ಬೆವರು ಸುರಿಸಿದವರು. ಬೆಂಚು ಒಂದೇ, ಬೆಳೆದ ಎದೆಗಳು ಬೇರೆ. ಎತ್ತರದ ಆರ್ನಾಲ್ಡ್‌ಗೆ ಮೇಲಿನಿಂದ ಕೆಳಗಿನವರೆಗೆ ಒಂದೇ ತುಂಬು. ಪಕ್ಕಕ್ಕೆ ತಿರುಗಿ ಎದೆ ತೋರಿಸುವ ಸೈಡ್ ಚೆಸ್ಟ್ ಭಂಗಿಯಲ್ಲಿ ಆ ಎದೆ ಗದ್ದದ ಕೆಳಗೇ ಬಂದು ನಿಂತಂತೆ ಕಾಣುತ್ತಿತ್ತು. ಗಿಡ್ಡ ಮೈಕಟ್ಟಿನ ಕೊಲಂಬುವಿನ ಎದೆಯಲ್ಲಿ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಆಳವಾದ ಬಿರುಕು. ಯಾವ ವ್ಯಾಯಾಮದಿಂದಲೂ ಅದನ್ನು ತರಿಸಲಾಗದು. ಮಿಸ್ಟರ್ ಒಲಿಂಪಿಯಾ ಪಟ್ಟ ಇಬ್ಬರಿಗೂ ಬಂತು: ಆರ್ನಾಲ್ಡ್‌ಗೆ 1970ರಿಂದ 1975ರವರೆಗೆ, ಮತ್ತೆ 1980ರಲ್ಲಿ, ಕೊಲಂಬುಗೆ 1976 ಮತ್ತು 1981ರಲ್ಲಿ. 1975ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ನಡೆದ ಸ್ಪರ್ಧೆಯಲ್ಲಿ ಸೆರ್ಜ್ ನುಬ್ರೆ ಕೂಡ ಇದ್ದ. ಹಗುರ ಭಾರವನ್ನು ಲೆಕ್ಕವಿಲ್ಲದಷ್ಟು ಸಲ ಎತ್ತಿ ಬೆಳೆಸಿದ ಅವನ ಎದೆಯನ್ನು ನಾನು ಆರ್ನಾಲ್ಡ್‌ನದಕ್ಕಿಂತ ಒಂದು ಕೈ ಮೇಲೆಂದೇ ಎಣಿಸುತ್ತೇನೆ. ಜಗಳಕ್ಕೆ ಬರುವವರು ಬರಬಹುದು.

ಹಿಂದೆ ಎದೆ ಹೀಗಿರಲೇ ಇಲ್ಲ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೇಹದಾರ್ಢ್ಯದ ದೊಡ್ಡ ಸ್ಪರ್ಧೆ ನಡೆಸಿದ ಯೂಜಿನ್ ಸ್ಯಾಂಡೋನ ಚಿತ್ರಗಳನ್ನು ನೋಡಿ. ಹೊಟ್ಟೆ, ತೋಳು ಇವತ್ತಿಗೂ ಬೆರಗು ಹುಟ್ಟಿಸುತ್ತವೆ. ಎದೆ ಮಾತ್ರ ಅಗಲ, ತೆಳು, ಗ್ರೀಕ್ ಶಿಲ್ಪದ್ದು. ಬೆಂಚ್ ಪ್ರೆಸ್ ಎಂಬುದು ಇನ್ನೂ ಬಳಕೆಗೆ ಬಂದಿರಲಿಲ್ಲ, ಉಸಿರೆಳೆದು ಎದೆಗೂಡನ್ನು ಎಷ್ಟು ಹಿಗ್ಗಿಸಬಲ್ಲೆ ಎಂಬುದೇ ಆಗಿನ ಹೆಮ್ಮೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಓದಿದವರಿಗೆ ಕೆ.ವಿ. ಅಯ್ಯರ್ ಗೊತ್ತು, ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ, ಸೂರ್ಯನಮಸ್ಕಾರದ ಜೊತೆಗೆ ಬಾರ್‌ಬೆಲ್ಲನ್ನೂ ಕೂಡಿಸಿ ಮೈ ಕಟ್ಟಿದವರೆಂಬುದು ಎಷ್ಟೋ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಅವರದೂ ಅದೇ ಶಿಲ್ಪದ ಮಾದರಿ. ಗರಡಿಮನೆಯಲ್ಲಿ ದಂಡ ಹೊಡೆದ ಪೈಲ್ವಾನನ ಎದೆ ಇನ್ನೊಂದು ಜಾತಿ: ತುಂಬು ಮಾಂಸ, ಮೇಲೊಂದು ಪದರ ಕೊಬ್ಬು, ಗೆರೆಯ ಗೊಡವೆ ಇಲ್ಲ. ಅವನಿಗೆ ಎದುರಾಳಿಯ ಭಾರ ತಡೆದರೆ ಸಾಕು.

ಸ್ಪರ್ಧೆಗೆ ಇಳಿಯುವವನಿಗೆ ಗೆರೆ ಬೇಕು. ಕೊನೆಯ ತಿಂಗಳುಗಳಲ್ಲಿ ಊಟ ಬಿಗಿ ಹಿಡಿದಾಗ ಬಟ್ಟೆ ತೊಟ್ಟವನು ಸೊರಗಿದಂತೆ ಕಾಣುತ್ತಾನೆ, ಎದುರಾದ ಅತ್ತೆ ಚಿಕ್ಕಮ್ಮಂದಿರೆಲ್ಲ “ಯಾಕೋ ಇಷ್ಟು ಇಳಿದುಹೋಗಿದ್ದೀಯ?” ಅನ್ನುತ್ತಾರೆ. ವೇದಿಕೆಯ ಮೇಲೆ ಅದೇ ಎದೆ ಮೊದಲಿಗಿಂತ ದೊಡ್ಡದು. ಚರ್ಮದಡಿಯ ಕೊಬ್ಬು ಕರಗಿದಾಗ ಅಂಚುಗಳು ಕಡಿದಂತಾಗುತ್ತವೆ. ಬಿಗಿ ಹಿಡಿದರೆ ಎದೆಚಕ್ಕೆಯಿಂದ ತೋಳಿನತ್ತ ಎಳೆ ಎಳೆಯಾಗಿ ಗೆರೆಗಳು ಏಳುತ್ತವೆ: ಮೇಲಿನವು ಓರೆಯಾಗಿ ಇಳಿಯುವವು, ನಡುವಿನವು ಹೆಚ್ಚುಕಡಿಮೆ ಅಡ್ಡ. ಗೆರೆಗಳ ದಿಕ್ಕು ಬದಲಾಗುವುದು ಕಂಡರೆ ಎರಡೂ ಭಾಗ ಬೆಳೆದಿವೆ ಎಂದು ತಿಳಿಯಬಹುದು.

ಇನ್ನೂ ಬೆಳೆಸಲು ಹೊರಟು ಕೆಡಿಸಿಕೊಳ್ಳುವ ದಾರಿಗಳೂ ಇವೆ. ಸ್ಟೆರಾಯ್ಡ್ ಚುಚ್ಚಿಸಿಕೊಂಡವರ ಮೈಯಲ್ಲಿ ಹೆಚ್ಚುವರಿ ಟೆಸ್ಟೊಸ್ಟೆರಾನಿನ ಒಂದು ಪಾಲು ಈಸ್ಟ್ರೋಜನ್ ಆಗಿ ಬದಲಾಗಿ ತೊಟ್ಟಿನ ಹಿಂದೆ ಸ್ತನದ ಗ್ರಂಥಿ ಬೆಳೆಯುವುದುಂಟು. ಅದು ಗಟ್ಟಿಯಾಗಿ ಕೂತ ಮೇಲೆ ವ್ಯಾಯಾಮಕ್ಕೆ ಜಗ್ಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಗತಿ. ಇನ್ನೊಂದು, ಬೆಂಚ್ ಪ್ರೆಸ್‌ನಲ್ಲಿ ಭಾರ ಇಳಿಸುವಾಗ ಸ್ನಾಯುರಜ್ಜು ಹರಿಯುವುದು. ಕಂಕುಳಿನ ಮುಂದಿನ ಮಡಿಕೆ ಇದ್ದ ಜಾಗದಲ್ಲಿ ಹಳ್ಳ ಬೀಳುತ್ತದೆ, ಸ್ನಾಯು ನಡುವಿಗೆ ಸರಿದು ಗುಡ್ಡೆಯಾಗುತ್ತದೆ. ಹೊಲಿಸಿಕೊಂಡವರಲ್ಲೂ ಕೆಲವೊಮ್ಮೆ ಎರಡು ಎದೆ ಮೊದಲಿನಂತೆ ಜೋಡಿಯಾಗಿ ಕಾಣುವುದಿಲ್ಲ.

ಮೈಸೂರು ದಸರೆಯ ದೇಹದಾರ್ಢ್ಯ ಸ್ಪರ್ಧೆಗೋ ನಿಮ್ಮೂರಿನ ಯಾವುದಾದರೂ ಪಂದ್ಯಕ್ಕೋ ಹೋದರೆ ವೇದಿಕೆಯ ನಟ್ಟನಡುವಿನ ಕುರ್ಚಿಗೆ ಮುಗಿಬೀಳಬೇಡಿ, ತುಸು ಪಕ್ಕಕ್ಕೆ ಕೂತರೆ ಎದೆಯ ದಪ್ಪ ತಿಳಿಯುತ್ತದೆ. ಮೋಸ್ಟ್ ಮಸ್ಕ್ಯುಲರ್ ಭಂಗಿಗೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ತೋಳುಗಳನ್ನು ಮುಂದೆ ತಂದು ಹಿಸುಕಿದರೆ ಸಾಧಾರಣ ಎದೆಯೂ ಅಬ್ಬರಿಸುತ್ತದೆ, ಅದನ್ನು ನಂಬಬೇಡಿ. ಎರಡೂ ಕೈ ಎತ್ತಿ ಮಡಿಸುವ ಫ್ರಂಟ್ ಡಬಲ್ ಬೈಸೆಪ್ಸ್ ಭಂಗಿಗೆ ಕೂಗಿದಾಗ ಜನರ ಕಣ್ಣೆಲ್ಲ ತೋಳಿನ ಮೇಲಿರುತ್ತದೆ. ನೀವು ಆಗ ಕಾಲರ್ ಬೋನಿನ ಕೆಳಗೆ ನೋಡಿ. ಸಾಲಿನಲ್ಲಿ ನಾಲ್ಕೈದು ಜನರ ಎದೆ ಅಲ್ಲೇ ಕರಗಿಹೋಗಿರುತ್ತದೆ. ಉಳಿದವರಲ್ಲಿ ಯಾರಿಗೆ ಪದಕ ಎಂಬುದನ್ನು ತೀರ್ಪುಗಾರರು ಕಾಲು, ಬೆನ್ನು ನೋಡಿ ಹೇಳಲಿ.