ತಾಯಿ ಬಿಟ್ಟಲ್ಲಿಂದ ಮಗಳು

ಜುಲೈ 21 ಬಂತೆಂದರೆ ಶಿಗ್ಗಾಂವದ ನಮ್ಮ ಮನೆಯಲ್ಲಿ ಸಂಜೆ ಬೇರೆ ಕೆಲಸವಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಗಂಗೂಬಾಯಿ ಹಾನಗಲ್ಲರ ಹಾಡಿಕೆ. 2009ರಲ್ಲಿ ಅವರು ಹುಬ್ಬಳ್ಳಿಯಲ್ಲಿ ತೀರಿಕೊಂಡ ದಿನ ಅದು. ಆಗ ಅವರಿಗೆ 96 ವರ್ಷ.

ಮೊದಲ ಸಲ ಕೇಳುವವರು ಅವರ ದನಿಗೇ ಬೆರಗಾಗಿ ಕೂತುಬಿಡುತ್ತಾರೆ. ಹೆಂಗಸಿನದೋ ಗಂಡಸಿನದೋ ಎಂದು ಅನುಮಾನ ಹುಟ್ಟಿಸುವ, ಮಂದ್ರದಲ್ಲಿ ಬುಡಬಿಟ್ಟ ದನಿ. ಹರೆಯದ ಧ್ವನಿಮುದ್ರಿಕೆಗಳಲ್ಲಿ ಅದು ಹೀಗಿರಲಿಲ್ಲ. ತೆಳ್ಳಗೆ, ಎತ್ತರದಲ್ಲಿ ಓಡಾಡುತ್ತಿತ್ತು. ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಇಳಿಯಿತು. ಬೇರೆ ಯಾರಾದರೂ ಹಾಡುವುದನ್ನೇ ಬಿಡುತ್ತಿದ್ದರೇನೋ. ಇವರು ಇಳಿದ ದನಿಯಲ್ಲೇ ಮನೆ ಕಟ್ಟಿಕೊಂಡರು.

ಆದರೆ ಎರಡನೆಯ ಸಲ ಕೇಳುವಾಗ ದಯವಿಟ್ಟು ಕಿವಿಯನ್ನು ಸ್ವಲ್ಪ ಹಿಂದಕ್ಕೆ ಕೊಡಿ. ಅಲ್ಲಿ ಇನ್ನೊಂದು ದನಿ ಇದೆ, ಮಗಳು ಕೃಷ್ಣಾ ಅವರದು. ಈ ವಾರ ನಾನು ಬರೆಯಬೇಕೆಂದಿರುವುದು ಆ ಎರಡು ದನಿಗಳ ನಡುವಿನ ಜಾಗದ ಬಗ್ಗೆ.

ಆ ಜಾಗ ಅವರಿಗಿಂತ ಹಳೆಯದು. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಒಲವು ಹಿಂದೂಸ್ತಾನಿಯ ಕಡೆ ವಾಲಿದ್ದು ಕಂಡಾಗ, ತಮ್ಮ ಛಾಯೆ ಮಗಳ ಗಾಯನದ ಮೇಲೆ ಬೀಳಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಹಾಡುವವರಿಗೆ ಹಾಡು ಬಿಡುವುದೆಂದರೆ ಏನೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಂಬಾಬಾಯಿಯವರ ಸಂಗೀತ ನಮಗೆ ಸಿಕ್ಕಿರುವುದು ಆ ಮೌನದ ರೂಪದಲ್ಲಿ ಮಾತ್ರ.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹೆಸರಿನಲ್ಲಿ ಉಳಿದದ್ದು ಮಾತ್ರ ಹಿರಿಯರ ಊರು, ನಮ್ಮ ನೆರೆಯ ಹಾನಗಲ್ಲ. ಹಿಂದೂಸ್ತಾನಿಯ ಮೊದಲ ಪಾಠ ಹೇಳಿದ ಕೃಷ್ಣಾಚಾರ್ಯ ಹುಲಗೂರರ ಹೆಸರಿನಲ್ಲೂ ನಮ್ಮ ತಾಲ್ಲೂಕಿನದೇ ಊರಿದೆ. ಈ ಭಾಗದವರಾದ ನಮಗೆ ಅದರ ಅಭಿಮಾನ ಸಹಜ.

ಹದಿನಾರಕ್ಕೆ ವಕೀಲ ಗುರುರಾವ್ ಕೌಲಗಿಯವರೊಂದಿಗೆ ಮದುವೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಸಂಸಾರದ ಭಾರ ಬಹುಪಾಲು ಬಿದ್ದದ್ದು ಅವರ ಕೊರಳ ಮೇಲೆಯೇ. ಸಣ್ಣ ಮಕ್ಕಳಿದ್ದಾಗಲೇ, 1938ರ ಸುಮಾರಿಗೆ, ಸವಾಯಿ ಗಂಧರ್ವರಲ್ಲಿ ಕ್ರಮವಾದ ಕಲಿಕೆ ಆರಂಭವಾಯಿತು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳ, ಪಾಠ ಮುಗಿಸಿ ಮತ್ತೆ ರೈಲು. ಅಲ್ಲೇ ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ಈ ಅಕ್ಕನನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುತ್ತಿದ್ದ. ಗುರುಗಳು ಒಂದು ಸ್ವರಪುಂಜವನ್ನು ಹಿಡಿದರೆ ಅದು ಹದಕ್ಕೆ ಬರುವವರೆಗೆ ಮುಂದಕ್ಕೆ ಬಿಡುತ್ತಿರಲಿಲ್ಲ. ಗಂಗೂಬಾಯಿಯವರ ವಿಲಂಬಿತದಲ್ಲಿ ಒಂದೊಂದು ಸ್ವರವೂ ಅವಸರವಿಲ್ಲದೆ ಬೆಳೆಯುವುದನ್ನು ಕೇಳಿದಾಗ ನನಗೆ ಆ ಕುಂದಗೋಳದ ದಿನಗಳೇ ನೆನಪಾಗುತ್ತವೆ. ಮನೆಯಲ್ಲಿ ಮಕ್ಕಳು ಕಾಯುತ್ತಿರುವಾಗ ಇಷ್ಟು ತಾಳ್ಮೆಯನ್ನು ಹೇಗೆ ಕಲಿತರೋ.

ಅವಮಾನವೂ ಬೇಕಾದಷ್ಟಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಹುಡುಗಿಗೆ ಹಾಡಿನದಲ್ಲ, ಜಾತಿಯ ಕಾರಣಕ್ಕೆ ಊಟದ ಜಾಗ ಬಳಿಯಲು ಹೇಳಿಯಾರೆಂಬ ಭಯವಿತ್ತು. ಮುಂದೆ ಅದೇ ಹುಡುಗಿಗೆ 2002ರಲ್ಲಿ ಪದ್ಮವಿಭೂಷಣ ಬಂತು; ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಅವರ ಹೆಸರು ಹೊತ್ತಿತು. ತೀರಿಕೊಂಡಾಗ ಕಣ್ಣುಗಳನ್ನೂ ದಾನವಾಗಿ ಕೊಟ್ಟೇ ಹೋದರು.

ಈಗ ಕೃಷ್ಣಾ. ದಶಕಗಳ ಕಾಲ ತಾಯಿಯ ಜೊತೆ ವೇದಿಕೆಯಲ್ಲಿ ಕೂತು ಹಾಡಿದವರು. ಸಹಗಾಯನವೆಂದರೆ ನೆರಳಿನಂತೆ ಹಿಂಬಾಲಿಸುವುದೆಂದು ತಿಳಿದವರುಂಟು. ಹಾಗಲ್ಲ. ತಾಯಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂದು ಮೊದಲೇ ಗೊತ್ತಿರಬೇಕು. ಅವರು ತಳದಲ್ಲಿ ನಿಂತಾಗ ಮೇಲೆ ಹಗುರಾಗಿ ಎತ್ತಿಕೊಳ್ಳಬೇಕು, ಕೊಟ್ಟದ್ದನ್ನು ಹೆಚ್ಚಿಸದೆ ಹಿಂದಿರುಗಿಸಬೇಕು. ಅಂಬಾಬಾಯಿ ಮಗಳಿಗಾಗಿ ಹಾಡು ನಿಲ್ಲಿಸಿದರೆ, ಕೃಷ್ಣಾ ತಾಯಿಗಾಗಿ ಹಾಡಿದರು. 2004ರಲ್ಲಿ ಕ್ಯಾನ್ಸರಿನಿಂದ ಅವರು ಹೋದಾಗ ತಾಯಿಗೆ ತೊಂಬತ್ತು ದಾಟಿತ್ತು. ಆ ತಾಯಿಯೂ ಹಿಂದಿನ ವರ್ಷವಷ್ಟೇ ಕ್ಯಾನ್ಸರನ್ನು ಗೆದ್ದು ಎದ್ದಿದ್ದರು. 2006ರ ಕೊನೆಯ ಕಛೇರಿಯಲ್ಲಿ ಪಕ್ಕದಲ್ಲಿ ಆ ಮಗಳಿರಲಿಲ್ಲ.

ಮಳೆ ಇನ್ನೂ ನಿಂತಿಲ್ಲ. ನಾನು ಕೇಳುತ್ತಿರುವುದು ಇಬ್ಬರೂ ಇದ್ದ ಕಾಲದ ಹಾಡು. ತಾಯಿ ಒಂದು ಸಾಲನ್ನು ಅರ್ಧಕ್ಕೆ ಬಿಟ್ಟು ಉಸಿರೆಳೆದುಕೊಳ್ಳುತ್ತಾರೆ. ಉಳಿದರ್ಧವನ್ನು ಮಗಳು ಹಾಡುತ್ತಾರೆ.