ಏಳು ಗಂಟೆಯೊಳಗಿನ ದೆಹಲಿ

ಗಾಡಿಗಳ ಕಾಟವಿಲ್ಲದೆ ಸೈಕಲ್ ತುಳಿಯಲು ದೆಹಲಿಯಲ್ಲಿ ಯಾವ ದಾರಿ ಚೆನ್ನ ಎಂದು ಇಲ್ಲಿನ ಸವಾರರನ್ನು ಕೇಳಿದರೆ, ದಾರಿಯ ಹೆಸರಿಗಿಂತ ಮೊದಲು ಹೊತ್ತು ಹೇಳುತ್ತಾರೆ. ಐದಕ್ಕೆ ಹೊರಡಿ, ಏಳರೊಳಗೆ ಮನೆ ಸೇರಿ. ಶಾಂತಿಪಥವಾಗಲಿ, ಇಂಡಿಯಾ ಗೇಟಿನ ಸುತ್ತಾಗಲಿ, ಗುರುಗ್ರಾಮ–ಫರಿದಾಬಾದ್ ರಸ್ತೆಯಾಗಲಿ, ಸಲಹೆ ಇಷ್ಟೇ. ಇಲ್ಲಿ ಖಾಲಿ ದಾರಿ ಎಂಬುದು ಗಡಿಯಾರ ನೋಡಿಕೊಂಡು ಹುಡುಕಬೇಕಾದ ವಸ್ತು. ನಂದಿಬೆಟ್ಟಕ್ಕೆಂದು ನಸುಕಿನಲ್ಲೇ ಬಳ್ಳಾರಿ ರಸ್ತೆ ದಾಟಿಬಿಡುವ ಬೆಂಗಳೂರಿನವರಿಗೂ ಈ ಲೆಕ್ಕ ಗೊತ್ತು. ಆದರೆ ಅವರು ಊರು ಬಿಟ್ಟು ಹೋಗಬೇಕು. ದೆಹಲಿಯವರಿಗೆ ಊರ ಹೊಟ್ಟೆಯೊಳಗೇ ಆ ಭಾಗ್ಯವಿದೆ. ಭಾಗ್ಯ ಎಂದೆ, ಅದು ಎಷ್ಟರಮಟ್ಟಿಗೆ ಭಾಗ್ಯ ಎಂಬುದೇ ಈ ಬರಹದ ತಕರಾರು.

ಮೊದಲು ಹೊಗಳಿಬಿಡೋಣ. ರಾಮಕೃಷ್ಣಪುರದಲ್ಲಿ ದೆಹಲಿ ಕರ್ನಾಟಕ ಸಂಘ ಇರುವ ಕಡೆಯಿಂದ ಹೊರಟರೆ ಶಾಂತಿಪಥ ದೂರವೇನಲ್ಲ. ಚಾಣಕ್ಯಪುರಿಯ ನಟ್ಟನಡುವೆ ನೇರವಾಗಿ ಚಾಚಿಕೊಂಡ ಈ ರಸ್ತೆಯ ಎರಡೂ ಬದಿಗೆ ಹುಲ್ಲುಹಾಸು, ಅದರಾಚೆ ರಾಯಭಾರ ಕಚೇರಿಗಳು. ಪಾಕಿಸ್ತಾನದ ಹೈಕಮಿಷನ್ನಿನ ನೀಲಿ ಗುಮ್ಮಟ ದೂರದಿಂದಲೇ ಕಾಣುತ್ತದೆ. ಪರದೇಶದವರು ನೋಡುವ ರಸ್ತೆಯಾದ್ದರಿಂದ ಡಾಂಬರಿನಲ್ಲಿ ಗುಂಡಿಯಿಲ್ಲ. ಮುಂದೆ ಕರ್ನಾಟಕ ಭವನವಿರುವ ಕೌಟಿಲ್ಯ ಮಾರ್ಗ, ತೀನ್‌ಮೂರ್ತಿ ವೃತ್ತ, ಅಲ್ಲಿಂದ ವಾಸ್ತುಶಿಲ್ಪಿ ಲುಟೆನ್ಸ್ ಕಾಲದ ನೆರಳು ಬೀದಿಗಳು. ಸಿಗ್ನಲ್‌ಗಿಂತ ವೃತ್ತಗಳೇ ಹೆಚ್ಚಾಗಿರುವುದರಿಂದ ಕಾಲು ನೆಲಕ್ಕೆ ಊರದೆ ಬಹಳ ದೂರ ಹೋಗಬಹುದು. 2022ರ ಸೆಪ್ಟೆಂಬರಿನಲ್ಲಿ ರಾಜಪಥ ಹೋಗಿ ಕರ್ತವ್ಯಪಥವಾದ ರಸ್ತೆಯ ಬದಿಗೆ ಸಾಲು ನೇರಳೆ ಮರಗಳಿವೆ. ಮಳೆ ಶುರುವಾಗುವ ದಿನಗಳಲ್ಲಿ ಹಣ್ಣು ಉದುರಿ, ಜಜ್ಜಿ, ನೆಲವೆಲ್ಲ ನೇರಳೆ ಬಣ್ಣದ ಲೋಳೆಯಾಗಿರುತ್ತದೆ. ರೋಡ್ ಬೈಕಿನ ತೆಳು ಟೈರು ಅದರ ಮೇಲೆ ಹೋಗುವಾಗ ಹ್ಯಾಂಡಲ್ ತಿರುಗಿಸಬಾರದು, ಬ್ರೇಕಿಗೆ ಕೈ ಹಾಕಬಾರದು. ಸುಮ್ಮನೆ ಹೋಗಲು ಬಿಡಬೇಕು. ಹೊಸಬರು ಒಮ್ಮೆ ಬಿದ್ದ ಮೇಲೆ ಕಲಿಯುತ್ತಾರೆ.

ಇನ್ನು ದೂರು. ಇದು ಎಲ್ಲಿಗೂ ಹೋಗುವ ದಾರಿಯಲ್ಲ. ಐವತ್ತು ಕಿಲೋಮೀಟರ್ ಆಗಬೇಕೆಂದರೆ ಅದದೇ ವೃತ್ತಗಳನ್ನು ಗಾಣದೆತ್ತಿನಂತೆ ಸುತ್ತಬೇಕು. ಗಣರಾಜ್ಯೋತ್ಸವದ ತಾಲೀಮು, ಸ್ವಾತಂತ್ರ್ಯ ದಿನದ ಬಂದೋಬಸ್ತು, ವಿದೇಶಿ ಅತಿಥಿಯ ಭೇಟಿ ಎಂದು ಯಾವಾಗ ಬೇಕಾದರೂ ಬ್ಯಾರಿಕೇಡ್ ಬೀಳುತ್ತದೆ. ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿದೆ. ಖಾಲಿ ರಸ್ತೆಯನ್ನು ಹುಡುಕಿಕೊಂಡು ಬರುವವರು ಸೈಕಲಿನವರು ಮಾತ್ರ ಅಲ್ಲ. ಹಗಲೆಲ್ಲ ಇಪ್ಪತ್ತರ ವೇಗದಲ್ಲಿ ತೆವಳಿದ ಕಾರು ಬೆಳಗಿನ ಜಾವ ಅದೇ ರಸ್ತೆಯಲ್ಲಿ ನೂರು ದಾಟುತ್ತದೆ. ವಿಜ್ಞಾನ ಮತ್ತು ಪರಿಸರ ಕೇಂದ್ರದ ಸುನೀತಾ ನಾರಾಯಣ್ ಅವರಿಗೆ ಏಮ್ಸ್ ಹತ್ತಿರ ಕಾರು ಬಡಿದದ್ದು 2013ರ ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ, ಸೈಕಲಿನಲ್ಲಿ ಲೋದಿ ಉದ್ಯಾನದತ್ತ ಹೊರಟಿದ್ದಾಗ. 2022ರಲ್ಲಿ ಮಹಿಪಾಲಪುರದ ಬಳಿ ಐಷಾರಾಮಿ ಕಾರೊಂದು ಬಡಿದು ಹವ್ಯಾಸಿ ಸವಾರರೊಬ್ಬರು ತೀರಿಕೊಂಡರು. ಗಾಡಿ ಕಡಿಮೆಯಾದರೆ ಅಪಾಯವೂ ಕಡಿಮೆ ಎಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಸವಾರರು ಇದನ್ನು ಬಲ್ಲರು. ಹಿಂದಿನ ಕೆಂಪು ದೀಪ ಮಿನುಗಿಸುತ್ತ ಗುಂಪು ಕಟ್ಟಿಕೊಂಡು ಹೋಗುವುದು ಅದಕ್ಕೇ.

ಏರು ಬೇಕೆನ್ನುವವರು ಗುರುಗ್ರಾಮ–ಫರಿದಾಬಾದ್ ರಸ್ತೆಗೆ ಹೋಗುತ್ತಾರೆ. ಅರಾವಳಿಯನ್ನು ಹಾಯ್ದು ಹೋಗುವ ಈ ರಸ್ತೆಯಲ್ಲಿ ಗ್ವಾಲ್ ಪಹಾಡಿಯ ದಿಣ್ಣೆಗಳು ದೆಹಲಿಯವರ ಪಾಲಿಗೆ ಬೆಟ್ಟ. ಚಿಕ್ಕಮಗಳೂರಿನವರು ನಗಬಹುದು, ನಗಲಿ. ಕುರುಚಲು ಕಾಡು, ಬೆಳಗಿನ ನವಿಲಿನ ಕೂಗು, ಅಪರೂಪಕ್ಕೆ ಚಿರತೆಯ ಸುದ್ದಿ. ಗಾಡಿ ಬಡಿದು ಸತ್ತ ಚಿರತೆಯ ಸುದ್ದಿಯೂ ಉಂಟು. ಬಂಧವಾಡಿ ಸಮೀಪಿಸಿದಂತೆ ಎರಡು ನಗರಗಳ ಕಸ ಒಟ್ಟಿದ ಗುಡ್ಡದ ನಾತ ಮೂಗಿಗೆ ಅಡರುತ್ತದೆ. ಏರಿನಲ್ಲಿ ಬಾಯಿ ತೆರೆದು ಉಸಿರೆಳೆಯುವ ಹೊತ್ತಿಗೇ ಅದು ಬರಬೇಕು! ಜೊತೆಗೆ ಲಾರಿಗಳು. ಹಗಲಿನಲ್ಲಿ ಭಾರಿ ಲಾರಿಗಳಿಗೆ ದೆಹಲಿಯೊಳಗೆ ನಿರ್ಬಂಧವಿರುವುದರಿಂದ ರಾತ್ರಿ ಹೊಕ್ಕವು ಬೆಳಗಾಗುವ ಮುನ್ನ ಹೊರಬೀಳಲು ಧಾವಂತದಲ್ಲಿರುತ್ತವೆ. ಒಳಗಿನ ಬೀದಿ ಖಾಲಿಯಾಗಿರುವ ಗಳಿಗೆಯಲ್ಲೇ ಅಂಚಿನ ರಸ್ತೆಗಳು ತುಂಬಿರುತ್ತವೆ.

ಗಡಿಯಾರದ ಇನ್ನೊಂದು ಮೋಸ ಗಾಳಿಯದು. ನವೆಂಬರಿನಿಂದ ಜನವರಿಯವರೆಗೆ ರಾತ್ರಿಯ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು, ಮೇಲಿನ ಬಿಸಿ ಪದರ ಅದಕ್ಕೆ ಮುಚ್ಚಳ ಹಾಕುತ್ತದೆ. ಲಾರಿಯ ಹೊಗೆ, ಬೆಂಕಿ ಕಾಯಿಸಿಕೊಂಡವರ ಹೊಗೆ ಎಲ್ಲ ಅದರಡಿಯಲ್ಲೇ ಉಳಿಯುತ್ತದೆ. ಬಿಸಿಲೇರಿದ ಮೇಲಷ್ಟೇ ಸ್ವಲ್ಪ ಚದುರುವುದು. ಅಂದರೆ ರಸ್ತೆ ಅತ್ಯಂತ ಖಾಲಿಯಿರುವ ಗಂಟೆಗಳಲ್ಲೇ ಗಾಳಿ ಅತ್ಯಂತ ಕೆಟ್ಟಿರುತ್ತದೆ, ಶ್ವಾಸಕೋಶ ಅತ್ಯಂತ ಹೆಚ್ಚು ದುಡಿಯುವುದೂ ಆಗಲೇ. ಚಳಿಗಾಲದ ದೆಹಲಿಯಲ್ಲಿ ನಸುಕಿನ ಸವಾರಿಯನ್ನು ಆರೋಗ್ಯದ ಹೆಸರಿನಲ್ಲಿ ಹೊಗಳುವವರನ್ನು ನಾನು ನಂಬುವುದಿಲ್ಲ.

ಹಾಗಾದರೆ ಸೈಕಲಿಗೆಂದೇ ಕಟ್ಟಿದ ದಾರಿಗಳೆಲ್ಲಿ? ಇವೆ, ಇದ್ದವು. 2018ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ದೆಹಲಿ–ಮೀರಠ್ ಎಕ್ಸ್‌ಪ್ರೆಸ್‌ವೇಯ ಮೊದಲ ತುಂಡು, ನಿಜಾಮುದ್ದೀನ್ ಸೇತುವೆಯಿಂದ ಉತ್ತರಪ್ರದೇಶದ ಗಡಿಯವರೆಗಿನದು, ಹದಿನಾಲ್ಕು ಲೇನುಗಳ ಜೊತೆಗೆ ಎರಡೂ ಬದಿಗೆ ಎರಡೂವರೆ ಮೀಟರ್ ಅಗಲದ ಸೈಕಲ್ ಪಥ ಪಡೆಯಿತು. ಕಾಗದದಲ್ಲಿ ಇದಕ್ಕಿಂತ ಉದಾರವಾದದ್ದು ಬೇಕಿಲ್ಲ. ಆದರೆ ಅಂಥ ಪಥಕ್ಕೆ ಹತ್ತುವುದೆಲ್ಲಿ, ಹದಿನಾಲ್ಕು ಲೇನು ದಾಟಿ ಇಳಿಯುವುದೆಲ್ಲಿ ಎಂಬುದಲ್ಲವೇ ಸವಾರನ ಪ್ರಶ್ನೆ? ನೋಯ್ಡಾದ ಪಥಗಳ ಪಾಡೂ ಬೇರೆಯಲ್ಲ. ಅವನ್ನು ಕಟ್ಟಿದಾಗ ಉತ್ತರಪ್ರದೇಶವನ್ನು ಆಳುತ್ತಿದ್ದ ಪಕ್ಷದ ಚಿಹ್ನೆಯೇ ಸೈಕಲ್, ಉತ್ಸಾಹಕ್ಕೆ ಬರವಿರಲಿಲ್ಲ. ಆದರೆ ಪ್ರತಿ ಅಡ್ಡರಸ್ತೆಯಲ್ಲಿ ಪಥ ತುಂಡಾಗುತ್ತದೆ, ಉಳಿದದ್ದರ ಮೇಲೆ ಕಾರು ನಿಲ್ಲುತ್ತದೆ, ಟೀ ಗಾಡಿ ನಿಲ್ಲುತ್ತದೆ, ಉಳಿದ ಜಾಗದಲ್ಲಿ ಮೋಟಾರ್‌ಬೈಕುಗಳು ಎದುರಿನಿಂದ ನುಗ್ಗುತ್ತವೆ. ರೋಡ್ ಬೈಕಿನವರು ಅತ್ತ ತಲೆಹಾಕುವುದಿಲ್ಲ.

ಗುರುಗ್ರಾಮದ ರಾಹಗೀರಿಯನ್ನು ಇವುಗಳ ಜೊತೆ ಸೇರಿಸಿದರೆ ಅನ್ಯಾಯ. 2013ರ ನವೆಂಬರ್ 17ರ ಭಾನುವಾರ ಶುರುವಾದ ಅದು ಕಾರುಗಳನ್ನು ಆಚೆ ನಿಲ್ಲಿಸಿ ರಸ್ತೆಯನ್ನು ಜನಕ್ಕೆ ಬಿಟ್ಟಿತು. ಮರುವರ್ಷ ಕನಾಟ್ ಪ್ಲೇಸಿಗೂ ಬಂತು. ವೇದಿಕೆ, ಧ್ವನಿವರ್ಧಕ, ಕುಣಿತಗಳಿಂದ ಅದು ಜಾತ್ರೆಯಾಯಿತೆಂಬುದು ನಿಜ, ಮಕ್ಕಳ ನಡುವೆ ಮೂವತ್ತರ ವೇಗದಲ್ಲಿ ಹೋಗಲಾಗದೆಂಬುದೂ ನಿಜ. ಆದರೂ ಸವಾರ ಕದ್ದು ಬಳಸುವ ಹೊತ್ತಲ್ಲ ಅದು, ಊರು ಒಪ್ಪಿ ಕೊಟ್ಟ ಹೊತ್ತು. ಚಾಂದನಿ ಚೌಕದ್ದು ಇನ್ನೂ ದೊಡ್ಡ ಧೈರ್ಯ. ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗಿನ 1.3 ಕಿಲೋಮೀಟರಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನ ಸಲ್ಲದು ಎಂಬ ನಿಯಮದೊಂದಿಗೆ ಅದು 2021ರಲ್ಲಿ ತೆರೆಯಿತು. ಸೈಕಲ್ ರಿಕ್ಷಾಗಳೇ ದಟ್ಟಣೆಗೆ ಕಾರಣವೆಂದು ಹಿಂದೊಮ್ಮೆ ಹೊರಹಾಕಲು ಹೊರಟಿದ್ದ ಬೀದಿಯಲ್ಲೇ ಈಗ ಅವಕ್ಕೆ ರಾಜಮರ್ಯಾದೆ. ಹಗಲಿನ ಗಂಟೆಗಳನ್ನೇ ಕಾರಿನಿಂದ ಕಿತ್ತುಕೊಂಡ ರಸ್ತೆ ಇದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಈಗಿಲ್ಲ. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್ ಉದ್ದದ, ತ್ವರಿತ ಬಸ್ ಸಾರಿಗೆಯ ಬಿಆರ್‌ಟಿ ಕಾರಿಡಾರ್ 2008ರಲ್ಲಿ ಓಡತೊಡಗಿತು. ಅದರ ಹಿಂದೆ ಇದ್ದದ್ದು ದೆಹಲಿ ಐಐಟಿಯ ದಿನೇಶ್ ಮೋಹನ್, ಗೀತಂ ತಿವಾರಿ ಮುಂತಾದವರ ಚಿಂತನೆ. ನಡುವೆ ಬಸ್ಸು, ಪಕ್ಕದಲ್ಲಿ ಕಾರು, ಅಂಚಿನಲ್ಲಿ ಪ್ರತ್ಯೇಕ ಸೈಕಲ್ ಪಥ. ಪತ್ರಿಕೆ, ಟಿವಿಗಳು ಅದನ್ನು ಕಾರಿನ ಗಾಜಿನೊಳಗಿನಿಂದಲೇ ನೋಡಿದವು. ಸಿಗ್ನಲಿನಲ್ಲಿ ಎಷ್ಟು ನಿಮಿಷ ಕಾದೆವೆಂಬುದೇ ಸುದ್ದಿಯಾಯಿತು. ಯೋಜನೆಯಲ್ಲಿ ದೋಷವಿರಲಿಲ್ಲವೆಂದಲ್ಲ. ಮುಂದಕ್ಕೆ ಬೆಳೆಯದೆ ತುಂಡಾಗಿ ಉಳಿದದ್ದು, ಸೈಕಲ್ ಪಥಕ್ಕೆ ಸ್ಕೂಟರುಗಳು ನುಗ್ಗಿದ್ದು, ನಡುರಸ್ತೆಯ ಬಸ್‌ನಿಲ್ದಾಣಕ್ಕೆ ದಾಟುವ ಪಾಡು, ಎಲ್ಲ ಇದ್ದವು. ಆದರೆ ಬೆಳಿಗ್ಗೆ ಎಂಟೂವರೆಗೆ, ಊಟದ ಡಬ್ಬಿ ಹ್ಯಾಂಡಲಿಗೆ ತೂಗುಹಾಕಿಕೊಂಡು ಕೆಲಸಕ್ಕೆ ಹೋಗುವವನನ್ನು ಎಣಿಕೆಗೆ ತೆಗೆದುಕೊಂಡ ರಸ್ತೆ ಅದು. 2016ರಲ್ಲಿ ಅದನ್ನು ಕಿತ್ತುಹಾಕಿದರು.

ಓಖ್ಲಾ, ನಾರಾಯಣಾದಂಥ ಕೈಗಾರಿಕಾ ಪ್ರದೇಶಗಳಿಗೆ ತುಳಿದುಕೊಂಡು ಹೋಗುವವರಿಗೆ ಹೊತ್ತು ಆರಿಸಿಕೊಳ್ಳುವ ಸೌಕರ್ಯವಿಲ್ಲ. ಅವರ ಪಾಳಿ ಶುರುವಾಗುವುದು ರಸ್ತೆ ತುಂಬಿದ ಮೇಲೆ, ಮುಗಿಯುವುದು ಕತ್ತಲಾದ ಮೇಲೆ. ಅವರ ಸೈಕಲಿಗೆ ಮಿನುಗುವ ದೀಪವಿರಲಿ, ಮಡ್‌ಗಾರ್ಡಿನ ಮೇಲಿನ ಕೆಂಪು ಬಿಲ್ಲೆಯೂ ಎಷ್ಟೋ ಸಲ ಉದುರಿಹೋಗಿರುತ್ತದೆ. ಇಂಥವರ ಸೈಕಲ್ ತಯಾರಿಸುತ್ತಿದ್ದ ಅಟ್ಲಾಸ್ ಕಂಪನಿ ಹುಟ್ಟಿದ್ದೂ ಇದೇ ಸೀಮೆಯ ಸೋನಿಪತ್‌ನಲ್ಲಿ, 1951ರಲ್ಲಿ. ಅದರ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನವಾಗಿತ್ತು.

ನಸುಕಿನ ಸವಾರಿಯ ಮೇಲೆ ನನಗೆ ದ್ವೇಷವಿಲ್ಲ. ಫೆಬ್ರವರಿಯ ಕೊನೆಯಲ್ಲಿ ಶಾಂತಿಪಥದಷ್ಟು ಸೊಗಸಾದ ರಸ್ತೆ ದೇಶದ ಬೇರಾವ ಮಹಾನಗರದಲ್ಲೂ ಸಿಕ್ಕಲಾರದು. ಲಕ್ಷಾಂತರ ರೂಪಾಯಿಯ ಸೈಕಲ್ ಇಟ್ಟುಕೊಂಡ, ಅಧಿಕಾರಿಗಳ ಕಿವಿಗೆ ಹತ್ತಿರವಿರುವ ವರ್ಗ ಐದರಿಂದ ಏಳರೊಳಗೆ ತೃಪ್ತವಾಗಿಬಿಡುವುದು ಊರಿಗೆ ಅನುಕೂಲವಾಗಿದೆ ಎಂಬುದಷ್ಟೇ ನನ್ನ ದೂರು. ಕೇಳುವ ಬಾಯಿಯಿದ್ದವರು ಕೇಳುವುದನ್ನು ಬಿಟ್ಟಿದ್ದಾರೆ. ಹೈದರಾಬಾದು 2023ರಲ್ಲಿ ಹೊರವರ್ತುಲ ರಸ್ತೆಯ ಬದಿಗೆ ಸೌರಫಲಕಗಳ ಚಾವಣಿ ಹೊದಿಸಿ 23 ಕಿಲೋಮೀಟರ್ ಸೈಕಲ್ ಪಥ ಮಾಡಿತು. ಅದೂ ವ್ಯಾಯಾಮದ ದಾರಿಯೇ, ಆದರೂ ಬಿಸಿಲಿನ ಹೊತ್ತಿಗೂ ಸವಾರನಿಗೊಂದು ಜಾಗವಿದೆ. ಬೆಂಗಳೂರಿನಲ್ಲಿ ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಜನವರಿಯ ತಾಲೀಮಿಗೆ ಲುಟೆನ್ಸ್ ಭಾಗದ ರಸ್ತೆಗಳನ್ನು ಲೀಲಾಜಾಲವಾಗಿ ಮುಚ್ಚುವ ದೆಹಲಿ ಪೊಲೀಸರಿಗೆ ಭಾನುವಾರ ಒಂಬತ್ತರವರೆಗೆ ಶಾಂತಿಪಥದ ಒಂದು ಬದಿ ಮುಚ್ಚುವುದು ಕಷ್ಟದ ಕೆಲಸವಲ್ಲ. ಆದರೆ ಅದು ಭಾನುವಾರದ ಮಾತಾಯಿತು. ಸೋಮವಾರ ಎಂಟೂವರೆಗೆ ಡಬ್ಬಿ ತೂಗುಹಾಕಿಕೊಂಡು ಹೊರಡುವವನಿಗೆ ಬೇಕಾದದ್ದು ಮೂಲ್‌ಚಂದ್ ರಸ್ತೆಯಲ್ಲಿ ಎಂಟು ವರ್ಷ ಇತ್ತು. ಅದನ್ನು ಸರಿಪಡಿಸಿ ಮತ್ತೆ ಕಟ್ಟಬೇಕು, ಈ ಸಲ ಮೂಲ್‌ಚಂದ್‌ನಲ್ಲಿ ನಿಲ್ಲಿಸದೆ.