ಬಯಲಿಗೆ ಬೇಕಾದ ಮೈಕ್ ಸೆಟ್

ದೀಪಾವಳಿ ದಾಟಿತೆಂದರೆ ಮುಂಬಯಿಯ ದಹಿಸರದ ಸೊಸೈಟಿ ಕಾಂಪೌಂಡುಗಳಲ್ಲಿ ಶಾಮಿಯಾನ ಏಳತೊಡಗುತ್ತದೆ. ಮದುವೆಯ ಹಿಂದಿನ ರಾತ್ರಿಯ ಮದರಂಗಿ, ಮಗುವಿನ ಮೊದಲ ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಭಜನೆ, ರಜೆಯ ಸಂಜೆಗೊಂದು ತಾಳಮದ್ದಳೆ. ಪ್ರತಿಸಲವೂ ಬಾಡಿಗೆ ಕೊಟ್ಟು ಸಾಕಾದವರು ಕೇಳುವುದು ಒಂದೇ ಮಾತು: 50,000 ರೂಪಾಯಿಯೊಳಗೆ ಹತ್ತು ವರ್ಷ ಬಾಳುವ ಸೆಟ್ ಸಿಕ್ಕೀತೇ? ಸಿಗುತ್ತದೆ. ಆದರೆ ದುಡ್ಡು ಮೊದಲು ಮಾತಿಗೆ ಹೋಗಬೇಕು, ಆಮೇಲೆ ಕುಣಿತಕ್ಕೆ. ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಯ ಒಂದೊಂದು ಅಕ್ಷರವೂ ಹಿಂದಿನ ಸಾಲಿನ ಅಜ್ಜಿಗೆ ಮುಟ್ಟುವ ಸೆಟ್‌ನಲ್ಲಿ ಮದರಂಗಿಯ ಹಾಡೂ ಚೆನ್ನಾಗಿಯೇ ಕೇಳುತ್ತದೆ. ಬರೀ ಧಂ ಧಂ ಎನ್ನಲು ಕೊಂಡ ಸೆಟ್‌ನಲ್ಲಿ ಮಾತು ಮುಳುಗುತ್ತದೆ.

ಬಯಲಿನ ಸ್ವಭಾವ ಮೊದಲು ಗೊತ್ತಿರಬೇಕು. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂಥ ಸಭಾಗೃಹದಲ್ಲಿ ಗೋಡೆ, ಚಾವಣಿಗಳು ದನಿಯನ್ನು ಮರಳಿ ಕೇಳುಗನ ಕಡೆಗೇ ತಳ್ಳುತ್ತವೆ. ಬಯಲಿನಲ್ಲಿ ಆ ನೆರವಿಲ್ಲ. ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಡೆಸಿಬೆಲ್ ಇದ್ದದ್ದು 16 ಮೀಟರ್ ದಾಟುವಾಗ 86ಕ್ಕೆ ಬಂದಿರುತ್ತದೆ. ಇನ್ನು ವ್ಯಾಟ್ ಇಮ್ಮಡಿ ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ವ್ಯಾಟ್ ಏರಿಸಿ ದೂರವನ್ನು ಗೆಲ್ಲುವುದು ದುಬಾರಿ ದಾರಿ.

ಆದ್ದರಿಂದ ಅಂಗಡಿಯಲ್ಲಿ ವ್ಯಾಟ್‌ಗಿಂತ ಮೊದಲು ಸೆನ್ಸಿಟಿವಿಟಿ ಕೇಳಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬ ಲೆಕ್ಕ ಅದು. 97 ಡೆಸಿಬೆಲ್‌ನ ಸ್ಪೀಕರ್ 100 ವ್ಯಾಟ್‌ನಲ್ಲಿ ಮಾಡುವ ಕೆಲಸಕ್ಕೆ 91 ಡೆಸಿಬೆಲ್‌ನದಕ್ಕೆ 400 ವ್ಯಾಟ್ ಬೇಕು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಪಿಎಂಪಿಒ ಸಂಖ್ಯೆಯನ್ನು ನಂಬಬೇಡಿ; ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್, ಎಷ್ಟೆಂದು ಕೇಳಿ. ಹೇಳಲು ತಡವರಿಸುವ ಅಂಗಡಿಯಿಂದ ಪಕ್ಕದ ಅಂಗಡಿಗೆ ನಡೆಯಿರಿ. ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿಗಳಿಗೆ ಬರವಿಲ್ಲ.

ಇಲ್ಲಿನ ಹವೆಗೆ ತಕ್ಕ ಪೆಟ್ಟಿಗೆ ಆರಿಸುವುದು ಎರಡನೆಯ ಕೆಲಸ. ದಹಿಸರದ ಪಶ್ಚಿಮಕ್ಕೆ ಖಾಡಿ, ಪೂರ್ವಕ್ಕೆ ನ್ಯಾಷನಲ್ ಪಾರ್ಕಿನ ಕಾಡು. ಉಪ್ಪುಗಾಳಿಯೂ ತೇವವೂ ವರ್ಷವಿಡೀ ಕೆಲಸ ಮಾಡುತ್ತಲೇ ಇರುತ್ತವೆ. ಅಗ್ಗದ ಪೆಟ್ಟಿಗೆಗಳು ಬಹುಪಾಲು ಎಂಡಿಎಫ್‌ನವು; ಮರದ ಸಣ್ಣ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆ. ಮೂಲೆಯ ಬಣ್ಣ ಕಿತ್ತುಬಂದ ಕಡೆ ಅದು ತೇವ ಹೀರಿ ಉಬ್ಬುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಬಾಸ್ ಬಂದಾಗ ಪೆಟ್ಟಿಗೆಯೇ ಗರಗರ ಎನ್ನುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಬೆರಳ ತುದಿಯಿಂದ ತಳದ ನಾಲ್ಕು ಅಂಚುಗಳನ್ನು ಸವರಿ ನೋಡಿ. ಎಲ್ಲಾದರೂ ಉಬ್ಬು ಸಿಕ್ಕರೆ ಬೆಲೆ ಎಷ್ಟೇ ಕಡಿಮೆಯಿರಲಿ ಬೇಡ. ಗಟ್ಟಿ ಪ್ಲೈವುಡ್ ಒಳ್ಳೆಯದು, ಆದರೆ ಭಾರ. ಲಿಫ್ಟಿನಲ್ಲಿಟ್ಟು ಟೆರೇಸಿಗೂ ಕಾಂಪೌಂಡಿಗೂ ಸಾಗಿಸುವ ನಮ್ಮಂಥವರಿಗೆ ಪಾಲಿಪ್ರೊಪಿಲೀನ್‌ನ 12 ಇಂಚಿನ, ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರ್ ಹೇಳಿಮಾಡಿಸಿದ್ದು. ಅದರ ತಳದಲ್ಲಿ ಸ್ಟ್ಯಾಂಡಿಗೆ ಕೂರುವ 35 ಮಿಲಿಮೀಟರಿನ ತೂತು ಇರಲೇಬೇಕು. ಮಾತಿನ ಸ್ಪಷ್ಟತೆ ಹೆಚ್ಚಾಗಿ ನಿಂತಿರುವುದು 2,000ದಿಂದ 4,000 ಹರ್ಟ್ಸ್‌ವರೆಗಿನ ದನಿಯ ಮೇಲೆ. ಸ್ಪೀಕರನ್ನು ನೆಲದ ಮೇಲಿಟ್ಟರೆ ಅದನ್ನು ಮುಂದಿನ ಸಾಲಿನವರ ಮೈಯೇ ತಡೆದುಬಿಡುತ್ತದೆ. ಆ ದನಿ ಹೊಮ್ಮುವ ಹಾರ್ನ್ ತಲೆಗಳಿಗಿಂತ ಮೇಲಿದ್ದು, ಮುಖ ತುಸು ಕೆಳಗೆ ಬಾಗಿರಬೇಕು. ಸುತ್ತಲೂ ಎತ್ತರದ ಟವರುಗಳಿರುವ ಕಾಂಪೌಂಡಿನಲ್ಲಿ ಈ ಬಾಗು ಇನ್ನೂ ಮುಖ್ಯ. ಇಲ್ಲವಾದರೆ ಎದುರಿನ ಗೋಡೆಗೆ ಬಡಿದ ಮಾತು ತಡವಾಗಿ ತಿರುಗಿ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ.

ಮೂರನೆಯದು ಮೈಕ್. ಶೂರ್ ಕಂಪನಿಯ ಎಸ್‌ಎಂ58 ಬಂದದ್ದು 1966ರಲ್ಲಿ; ಇಂದಿಗೂ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ಬ್ಯಾಟರಿ ಬೇಡ, ಕೈಜಾರಿ ಬಿದ್ದರೂ ಸುಲಭಕ್ಕೆ ಕೆಡದು, ಜಾಲರಿ ನೆಗ್ಗಿದರೆ ಹೊಸ ಜಾಲರಿ ತಿರುಗಿಸಿ ಹಾಕಬಹುದು. ಆದರೆ ಇದರ ನಕಲಿಗೂ ಪೇಟೆಯಲ್ಲಿ ಕೊರತೆಯಿಲ್ಲ, ಬಿಲ್ಲು ಕೊಡುವ ಅಧಿಕೃತ ಅಂಗಡಿಯಲ್ಲೇ ಕೊಳ್ಳಿ. ಅಷ್ಟು ದುಡ್ಡಿಲ್ಲವೇ? ನಮ್ಮ ಜಾತ್ರೆ, ಸಭೆಗಳಲ್ಲಿ ದಶಕಗಳಿಂದ ದುಡಿದ ಅಹುಜಾದಂಥ ದೇಶೀ ಕಂಪನಿಗಳ ತಂತಿಯ ಡೈನಮಿಕ್ ಮೈಕ್ ತನ್ನಿ. ಅಗ್ಗದ ವೈರ್‌ಲೆಸ್ ಜೋಡಿಗಿಂತ ಅದು ಎಷ್ಟೋ ಮೇಲು. ಹಾಡುವವರಿಗೂ ಒಂದು ಮಾತು ಹೇಳಿಕೊಡಿ: ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬಾರದು. ಹಿಂದಿನ ದನಿಯನ್ನು ತಡೆಯುವ ಗುಣ ಹೋಗಿ ಮೈಕ್ ಕುಂಯ್ ಎಂದು ಕೂಗುವುದು ಆಗಲೇ. ತಾಳಮದ್ದಳೆಗೆ ಭಾಗವತರಿಗೊಂದು, ಅರ್ಥಧಾರಿಗಳ ನಡುವೆ ಎರಡು ಮೈಕ್ ಸಾಕು. ಸಣ್ಣ ಕಾಂಪೌಂಡಿನಲ್ಲಿ ಚೆಂಡೆಗೆ ಮೈಕ್ ಇಡಬೇಡಿ. ಅದು ತನ್ನ ಬಲದಿಂದಲೇ ಕೊನೆಯ ಸಾಲು ಮುಟ್ಟುತ್ತದೆ.

ಸೆಟ್ಟಿನ ಆಯುಸ್ಸು ನಿಜವಾಗಿ ಇರುವುದು ತಂತಿಯಲ್ಲಿ. ಕೊಳ್ಳುವ ಮುನ್ನ ಮೈಕ್ ತಂತಿಯ ತುದಿಯ ಎಕ್ಸ್‌ಎಲ್‌ಆರ್ ಪ್ಲಗ್ ಬಿಚ್ಚಿಸಿ ನೋಡಿ. ಒಳಗೆ ಮೂರು ಬೆಸುಗೆಗಳು. ಒಳ್ಳೆಯ ಬೆಸುಗೆ ನುಣುಪಾಗಿ ತಂತಿಯನ್ನು ತಬ್ಬಿ ಕೂತಿರುತ್ತದೆ, ಕೆಟ್ಟದ್ದು ಉಂಡೆಗಟ್ಟಿ ಮೇಲೆ ಅಂಟಿದಂತೆ ಕಾಣುತ್ತದೆ. ಅದರ ಹಿಂದೆಯೇ ತಂತಿಯ ಹೊರಗವಚವನ್ನು ಕಚ್ಚಿಹಿಡಿಯುವ ಹಿಡಿ ಇರಬೇಕು. ಅದಿಲ್ಲವಾದರೆ ಯಾರೋ ತಂತಿಗೆ ಕಾಲು ತಾಗಿಸಿದ ಎಳೆತವೆಲ್ಲ ಬೆಸುಗೆಯ ಮೇಲೇ ಬೀಳುತ್ತದೆ. ಪ್ಲಗ್ ಮುಚ್ಚಿಸಿ, ಮೈಕ್‌ಗೆ ಸಿಕ್ಕಿಸಿ, ದನಿ ಸಣ್ಣಗಿಟ್ಟು, ಪ್ಲಗ್ಗಿನ ಬುಡದಲ್ಲಿ ತಂತಿಯನ್ನು ನಾಲ್ಕೂ ದಿಕ್ಕಿಗೆ ಬಗ್ಗಿಸಿ. ಚಟ್ ಎಂದರೆ ಮರಳಿ ಕೊಡಿ. ಮನೆಯಲ್ಲಿ ತಂತಿಯನ್ನು ಮೊಣಕೈಗೆ ಸುತ್ತುವ ಅಭ್ಯಾಸ ಬಿಡಿ. ಅದು ಒಳಗಿನ ಎಳೆಗಳನ್ನು ತಿರುಚುತ್ತದೆ. ಅಗಲ ಸುರುಳಿಯಾಗಿ, ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿನಿಂದ ಹಾಕಿದರೆ ಮುಂದಿನ ಸಲ ಎಸೆದರೆ ಸಾಕು, ನೇರವಾಗಿ ಬಿಚ್ಚಿಕೊಳ್ಳುತ್ತದೆ.

ಕರೆಂಟಿನ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ. ಗುಂಯ್ ಸದ್ದು ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್‌ನಿಂದ ಅರ್ತಿಂಗ್ ಪಿನ್ ಕತ್ತರಿಸುವವರು ಇದ್ದಾರೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಲೋಹದ ಮೈಕ್ ಹಿಡಿದ ಮಗುವಿನ ಪ್ರಾಣಕ್ಕೆ ಕುತ್ತು ತರುವ ಕೆಲಸ ಅದು. ಕರೆಂಟ್ ಸೋರಿದೊಡನೆ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಮಾಡಿಸಿಕೊಳ್ಳಿ.

50,000ದ ಹಂಚಿಕೆ ಹೀಗಿರಲಿ: ಅರ್ಧದಷ್ಟು ಸ್ಪೀಕರಿಗೆ, 12,000 ಮೈಕ್‌ಗಳಿಗೆ, 6,000 ಸಣ್ಣ ಮಿಕ್ಸರಿಗೆ, ಉಳಿದದ್ದು ತಂತಿ, ಸ್ಟ್ಯಾಂಡ್, ಬೋರ್ಡ್, ಮಳೆಯ ಹೊದಿಕೆಗೆ. ಎರಡು ಸ್ಪೀಕರ್ ಬೇಕೆನಿಸಿದರೆ ಎರಡನೆಯದನ್ನು ಮುಂದಿನ ವರ್ಷ ಅದೇ ಮಾದರಿಯದು ತನ್ನಿ. ಉದ್ದನೆಯ ಕಾಂಪೌಂಡಿನಲ್ಲಿ ಎರಡನ್ನು ಸಣ್ಣ ದನಿಯಲ್ಲಿ ಹಂಚಿಟ್ಟರೆ ಮುಂದಿನವರ ಕಿವಿ ಉಳಿಯುತ್ತದೆ, ಹಿಂದಿನವರಿಗೂ ಕೇಳುತ್ತದೆ.

ನೆರೆಯವರ ನಿದ್ದೆಯೂ ನಮ್ಮ ಹೊಣೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಹಬ್ಬಗಳಿಗೆಂದು ರಾಜ್ಯ ಸರ್ಕಾರ ಮಧ್ಯರಾತ್ರಿವರೆಗೆ ಬಿಡಬಹುದಾದದ್ದು ವರ್ಷಕ್ಕೆ ಹೆಚ್ಚೆಂದರೆ 15 ದಿನ. ಇದನ್ನು ಅಡ್ಡಿಯೆಂದು ತಿಳಿಯಬೇಡಿ. ದೊಡ್ಡ ಬಾಸ್ ಪೆಟ್ಟಿಗೆ ನಮಗೆ ಬೇಡವೆಂದು ಕಾನೂನೇ ಹೇಳಿ ದುಡ್ಡು ಉಳಿಸಿಕೊಟ್ಟಂತಾಯಿತು.

ಜೂನ್ ಬಂದಾಗ ಸೆಟ್ಟನ್ನು ತಳಮಹಡಿಯ ಮೀಟರ್ ರೂಮಿನಲ್ಲಿ ತುಂಬಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ದಹಿಸರ್ ನದಿಯೂ ಉಕ್ಕಿದ್ದನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಎರಡನೇ ಮಹಡಿಯ ಯಾರದಾದರೂ ಮನೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ ಹಾಡಿಸಿ. ಒಳಗಿನ ಬಿಸಿಗೆ ತೇವ ಆರುತ್ತದೆ.

ವರ್ಷಕ್ಕೆ ಒಂದೆರಡೇ ಸಮಾರಂಭವಿದ್ದರೆ ಬಾಡಿಗೆಯೇ ಲಾಭ. ತಿಂಗಳಿಗೊಂದು ಇದ್ದರೆ ಭಜನಾ ಮಂಡಳಿ, ಮಹಿಳಾ ಮಂಡಳಿ, ಪಕ್ಕದ ಎರಡು ಸೊಸೈಟಿ ಸೇರಿ ಒಂದು ಸೆಟ್ ಕೊಳ್ಳಿ. ಬೀಗದ ಕೈ ಮಾತ್ರ ಒಬ್ಬರ ಬಳಿಯೇ ಇರಲಿ, ತಂತಿ ಸುತ್ತಲು ಬಲ್ಲವರೊಬ್ಬರ ಬಳಿ.